ಲೆಕ್ಕಕ್ಕೆ ಸಿಗದ ಮಕ್ಕಳು

ಎಲ್ಲರಿಗೂ ನಮಸ್ಕಾರ.

ಒಂದು ಸಂಖ್ಯೆ ಹೇಳಿ ಶುರು ಮಾಡುತ್ತೇನೆ. 41. ಜನಗಣತಿಯ ಅಂಕಿಗಳಿಂದ ತೆಗೆದ ಈ ಲೆಕ್ಕ 2011ರಲ್ಲಿ ನ್ಯೂಯಾರ್ಕಿನಲ್ಲಿ ಪತ್ರಿಕೆಗೆ ಬಂತು. ಆ ನಗರದಲ್ಲಿರುವ 16ರಿಂದ 19 ವರ್ಷದ ಮೆಕ್ಸಿಕನ್ ಮಕ್ಕಳಲ್ಲಿ ನೂರಕ್ಕೆ ಸುಮಾರು 41 ಮಂದಿ ಶಾಲೆ ಬಿಟ್ಟವರು ಅಂತ ಅದು ಹೇಳಿತು. ಬೇರೆ ಯಾವ ದೊಡ್ಡ ವಲಸೆ ಸಮುದಾಯದಲ್ಲೂ ಇಷ್ಟು ಮಕ್ಕಳು ಓದಿನಿಂದ ಹೊರಗೆ ಉಳಿದಿರಲಿಲ್ಲ.

ಇದನ್ನು ಕೇಳಿದ ತಕ್ಷಣ ನಿಮಗೆ ಏನು ಅನ್ನಿಸಿತು? ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ಆಗ ನಾನು ಅದೇ ಊರಿನ ಒಂದು ಕಾಲೇಜಿನಲ್ಲಿ ಅರೆಕಾಲಿಕವಾಗಿ ಗಣಿತ ಕಲಿಸುತ್ತಿದ್ದೆ. ಈ ಮಕ್ಕಳಿಗೆ ಓದು ಹತ್ತುತ್ತಿಲ್ಲ, ಮನೆಯಲ್ಲಿ ಓದಿಸುವವರಿಲ್ಲ ಅಂದುಕೊಂಡೆ. ಗಣಿತದವರಿಗೆ ಸಂಖ್ಯೆಯ ಮೇಲೆ ನಂಬಿಕೆ ಜಾಸ್ತಿ. ಸಂಖ್ಯೆ ಸರಿ ಇತ್ತು. ನಾನು ಓದಿಕೊಂಡದ್ದು ತಪ್ಪಾಗಿತ್ತು.

ಆ 41ರಲ್ಲಿ ಬಹಳಷ್ಟು ಮಂದಿ ನ್ಯೂಯಾರ್ಕಿನ ಶಾಲೆಯನ್ನು ಬಿಟ್ಟೇ ಇರಲಿಲ್ಲ, ಯಾಕಂದರೆ ಅವರು ಸೇರಿಯೇ ಇರಲಿಲ್ಲ. 15, 16ನೇ ವಯಸ್ಸಿಗೆ ಗಡಿ ದಾಟಿ ಬಂದವರು. ಬಂದ ವಾರವೇ ಹೋಟೆಲಿನ ಅಡುಗೆಮನೆಗೋ, ಕಟ್ಟಡದ ಕೆಲಸಕ್ಕೋ ಸೇರಿದವರು. ಗಣತಿಯವರ ಫಾರಂ ಏನು ಕೇಳುತ್ತದೆ? ಹೈಸ್ಕೂಲು ಮುಗಿಸಿದ್ದೀಯಾ? ಇಲ್ಲ. ಈಗ ಓದುತ್ತಿದ್ದೀಯಾ? ಇಲ್ಲ. ಹಾಗಾದರೆ ಶಾಲೆ ಬಿಟ್ಟವನು. ಮೆಟ್ಟಿಲನ್ನೇ ಹತ್ತದವನನ್ನು ಇಳಿದು ಹೋದವನು ಅಂತ ಬರೆದ ಹಾಗೆ ಆಯಿತು, ಅಲ್ವಾ?

ಇದು ಬರೀ ಪದದ ಜಗಳ ಅಲ್ಲ. ಶಾಲೆಯಿಂದ ಎದ್ದು ಹೋದ ಹುಡುಗನಿಗೆ ಬೇಕಾದದ್ದು ಒಳ್ಳೆಯ ಮೇಷ್ಟ್ರು, ಸಂಜೆಯ ಪಾಠ, ತರಗತಿಯಲ್ಲಿ ಸ್ವಲ್ಪ ಅಕ್ಕರೆ. ಶಾಲೆಗೆ ಬಾರದೇ ಇದ್ದ ಹುಡುಗನಿಗೆ ಬೇಕಾದದ್ದು ಬೇರೆ. ಅವನ ಕೆಲಸ ಮುಗಿಯುವ ಹೊತ್ತಿಗೆ, ಅವನ ಬೀದಿಯಲ್ಲಿ, ಅವನ ಭಾಷೆ ಬಲ್ಲವರು ನಡೆಸುವ ತರಗತಿ ಬೇಕು. ಇಬ್ಬರನ್ನೂ ಒಂದೇ ಸಂಖ್ಯೆಯಲ್ಲಿ ಕಟ್ಟಿ ಒಂದೇ ಮದ್ದು ಕೊಟ್ಟರೆ ಒಬ್ಬನಿಗೂ ತಾಗುವುದಿಲ್ಲ. ಸಂಖ್ಯೆಯ ಹಿಂದಿನ ಮನುಷ್ಯರನ್ನು ಬಲ್ಲವರು ಲೆಕ್ಕ ಮಾಡುವವರ ಪಕ್ಕದಲ್ಲೇ ಕೂತಿರಬೇಕು. ಹಾಗೆ ಕೂತಿರುವ ಒಂದು ಜಾಗದ ಬಗ್ಗೆ ಹೇಳೋಣ ಅಂತಲೇ ಇಂದು ಬಂದಿದ್ದೇನೆ.

ಅದು ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯದ ಮೆಕ್ಸಿಕನ್ ಅಧ್ಯಯನ ಸಂಸ್ಥೆ. ವಿಶ್ವವಿದ್ಯಾಲಯದ ಹೆಸರನ್ನು ಎಲ್ಲರೂ ಚಿಕ್ಕದಾಗಿ ಕ್ಯೂನಿ ಅನ್ನುತ್ತಾರೆ. ಸಂಸ್ಥೆ ಇರುವುದು ನಗರದ ಬ್ರಾಂಕ್ಸ್ ಅನ್ನುವ ಭಾಗದಲ್ಲಿರುವ, ಕ್ಯೂನಿಗೇ ಸೇರಿದ ಲೀಮನ್ ಕಾಲೇಜಿನಲ್ಲಿ. ಶುರುವಾದದ್ದು 2012ರಲ್ಲಿ. ಆಮೇಲೆ ಅದಕ್ಕೆ ಹೈಮೆ ಲುಸೆರೋ ಅನ್ನುವವರ ಹೆಸರು ಸೇರಿತು. ಮೆಕ್ಸಿಕೋದ ಪುಯೆಬ್ಲಾ ರಾಜ್ಯದಿಂದ ಬಂದು, ಹೋಟೆಲಿನಲ್ಲಿ ಪಾತ್ರೆ ತೊಳೆಯುವುದರಿಂದ ಶುರು ಮಾಡಿ, ಬಟ್ಟೆ ವ್ಯಾಪಾರದಲ್ಲಿ ದೊಡ್ಡವರಾದ ಮನುಷ್ಯ ಅವರು.

ಈ ಜನ ನ್ಯೂಯಾರ್ಕಿಗೆ ಬಂದದ್ದು ಹೇಗೆ? ಮೆಕ್ಸಿಕನ್ನರು ಅಂದರೆ ಕ್ಯಾಲಿಫೋರ್ನಿಯಾ, ಟೆಕ್ಸಸ್ ಅಂತ ನಾವು ಅಂದುಕೊಳ್ಳುತ್ತೇವೆ. ಪುಯೆಬ್ಲಾದ ಒಂದೇ ಊರಿನ ಜನರನ್ನು ವರ್ಷಗಟ್ಟಲೆ ಎರಡೂ ಕಡೆ ಹಿಂಬಾಲಿಸಿ ಅಧ್ಯಯನ ಮಾಡಿದವರು ಕ್ಯೂನಿಯದೇ ಬರೂಕ್ ಕಾಲೇಜಿನ ಸಮಾಜಶಾಸ್ತ್ರಜ್ಞ ರಾಬರ್ಟ್ ಕೋರ್ಟ್ನಿ ಸ್ಮಿತ್. ಅವರ ಪ್ರಕಾರ ಆ ಊರಿನ ಇಬ್ಬರು ಅಣ್ಣತಮ್ಮಂದಿರು 1943ರಲ್ಲಿ ಗಡಿ ದಾಟಿದರು. ಇಟಲಿ ಮೂಲದ ಒಬ್ಬ ನ್ಯೂಯಾರ್ಕಿನವ ತನ್ನ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ಹೋದ. ಅಷ್ಟೇ. ಒಂದು ಕಾರು. ಅಲ್ಲಿಂದ ಒಬ್ಬರ ಬೆನ್ನಿಗೆ ಒಬ್ಬರು. ಮಂಗಳೂರು, ಉಡುಪಿ ಕಡೆಯವರು ಮುಂಬಯಿಗೆ ಹೋಗಿ ಹೋಟೆಲು ಸೇರಿದ್ದು ನಿಮಗೆ ಗೊತ್ತಿದೆಯಲ್ಲ, ಹೆಚ್ಚುಕಡಿಮೆ ಹಾಗೆಯೇ. ಊರಿನ ಒಬ್ಬ ಹೋದ, ಅವನು ಭಾವನನ್ನು ಕರೆಸಿಕೊಂಡ, ಭಾವ ಪಕ್ಕದ ಮನೆಯವನನ್ನು.

ಆದರೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ತೀರಾ ಈಚೆಗೆ. 1990ರ ಗಣತಿಯಲ್ಲಿ ನಗರದಲ್ಲಿದ್ದ ಮೆಕ್ಸಿಕನ್ ಮೂಲದವರು ಸುಮಾರು 60 ಸಾವಿರ. 2000ದಲ್ಲಿ 1 ಲಕ್ಷ 86 ಸಾವಿರ. 2010ರಲ್ಲಿ 3 ಲಕ್ಷ 19 ಸಾವಿರ. ಇಪ್ಪತ್ತು ವರ್ಷದಲ್ಲಿ ಐದು ಪಟ್ಟು. ಪುಯೆಬ್ಲಾದವರು ಎಷ್ಟು ಮಂದಿ ಅಂದರೆ, ಊರಿಗೆ ತಮಾಷೆಯಾಗಿ ‘ಪುಯೆಬ್ಲಾ ಯಾರ್ಕ್’ ಅಂತಲೇ ಹೆಸರಿಟ್ಟರು.

ಅವರು ಹಳ್ಳಿ ಬಿಟ್ಟದ್ದಕ್ಕೆ ಕಾರಣ ಹಲವು. ಅದರಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ, ಯಾಕಂದರೆ ಅದು ನಮ್ಮ ಹೊಲಕ್ಕೂ ಸಂಬಂಧಪಟ್ಟದ್ದು. ದಾವಣಗೆರೆ, ಹಾವೇರಿ ಕಡೆ ಬೆಳೆಯುವ ಮೆಕ್ಕೆಜೋಳದ ತವರು ಮೆಕ್ಸಿಕೋ. ಬ್ಯಾಡಗಿಯ ಮೆಣಸಿನಕಾಯಿಯ ಮುತ್ತಜ್ಜಿಯೂ ಅಲ್ಲಿಯವಳೇ. ಪುಯೆಬ್ಲಾದ ತೆವಾಕಾನ್ ಕಣಿವೆಯ ಗುಹೆಗಳಲ್ಲಿ ಬೆರಳುದ್ದದ, ಸಾವಿರಾರು ವರ್ಷ ಹಳೆಯ ಮೆಕ್ಕೆಜೋಳದ ತೆನೆಗಳು ಸಿಕ್ಕಿವೆ. 1994ರ ಜನವರಿ 1ರಂದು ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂತು. ಅಮೆರಿಕದ ದೊಡ್ಡ ಹೊಲಗಳಲ್ಲಿ, ಸರ್ಕಾರದ ಸಬ್ಸಿಡಿಯಲ್ಲಿ ಬೆಳೆದ ಅಗ್ಗದ ಮೆಕ್ಕೆಜೋಳ ಮೆಕ್ಸಿಕೋಗೆ ಸುರಿಯಿತು. ಅದೇ ವರ್ಷದ ಕೊನೆಗೆ ಅಲ್ಲಿಯ ಹಣವಾದ ಪೆಸೋದ ಬೆಲೆ ಕುಸಿಯಿತು. ಮೆಕ್ಕೆಜೋಳವನ್ನು ಜಗತ್ತಿಗೆ ಕೊಟ್ಟ ಮಣ್ಣಿನ ರೈತನಿಗೆ ಅದನ್ನೇ ಬೆಳೆದು ಬದುಕಲು ಆಗದೆ ಹೋಯಿತು. ಅವನ ಮಗ ಬ್ರಾಂಕ್ಸಿನ ಒಂದು ಅಂಗಡಿಯಲ್ಲಿ ರಾತ್ರಿಯಿಡೀ ಸ್ಯಾಂಡ್‌ವಿಚ್ ಕಟ್ಟುತ್ತಾನೆ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈ ಒಪ್ಪಂದ ಮೆಕ್ಸಿಕನ್ನರ ಊಟವನ್ನೂ ಆರೋಗ್ಯವನ್ನೂ ಹೇಗೆ ಕೆಡಿಸಿತು ಅಂತ ಅಧ್ಯಯನ ಮಾಡಿದವರು ಮಾನವಶಾಸ್ತ್ರಜ್ಞೆ ಅಲಿಶಿಯಾ ಗಾಲ್ವೆಸ್. ಈ ಸಂಸ್ಥೆಯ ಮೊದಲ ನಿರ್ದೇಶಕಿ ಅವರೇ. ಅದಕ್ಕೂ ಮುಂಚೆ ಅವರು ನ್ಯೂಯಾರ್ಕಿನ ಆಸ್ಪತ್ರೆಗೆ ಬರುವ ಮೆಕ್ಸಿಕನ್ ಬಸುರಿಯರ ಬಗ್ಗೆ ಸಂಶೋಧನೆ ಮಾಡಿದ್ದರು. ಅಲ್ಲೊಂದು ಅಚ್ಚರಿಯ ಸಂಗತಿ ಇದೆ. ಹೊಸದಾಗಿ ಬಂದ ಬಡ ಮೆಕ್ಸಿಕನ್ ತಾಯಂದಿರ ಕೂಸುಗಳು ಒಳ್ಳೆಯ ತೂಕದಲ್ಲಿ, ಆರೋಗ್ಯವಾಗಿ ಹುಟ್ಟುತ್ತವೆ. ಅಮೆರಿಕದಲ್ಲಿ ಹೆಚ್ಚು ವರ್ಷ ಇದ್ದಷ್ಟೂ ಆ ಲಾಭ ಕರಗುತ್ತದೆ. ಅಂದರೆ ಊರಿಂದ ತಂದ ತಿಳಿವಳಿಕೆ, ಊಟ, ಅತ್ತೆ ಅಮ್ಮಂದಿರ ಆರೈಕೆ ಇವೆಲ್ಲ ಆಸ್ತಿ. ಹೊಸ ದೇಶ ಅದನ್ನು ಆಸ್ತಿ ಅಂತ ಗುರುತಿಸದೆ ಕಳೆದುಹಾಕುತ್ತದೆ. ಇಂಥದ್ದನ್ನು ಬಲ್ಲವರ ಕೈಗೆ ಸಂಸ್ಥೆ ಕೊಟ್ಟದ್ದು ಒಳ್ಳೆಯದಾಯಿತು. ಬಂದವರನ್ನು ‘ಕೊರತೆ ಇರುವವರು’ ಅಂತ ನೋಡದವರು ಬೇಕಿತ್ತು.

ಕ್ಯೂನಿಯ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಅದರ ಮೂಲ 1847ರಲ್ಲಿ ಬಡವರ ಮಕ್ಕಳಿಗಾಗಿ ಸ್ಥಾಪಿಸಿದ ಫ್ರೀ ಅಕಾಡೆಮಿ. ಹೆಸರೇ ಹೇಳುವ ಹಾಗೆ ಶುಲ್ಕ ಇರಲಿಲ್ಲ. ನಗರ ದಿವಾಳಿಯ ಅಂಚಿಗೆ ಬಂದ 1976ರ ತನಕವೂ ಇರಲಿಲ್ಲ. ಆದರೆ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ. 1969ರಲ್ಲಿ ಕಪ್ಪು ಮತ್ತು ಪೋರ್ಟೊರಿಕೋ ಮೂಲದ ವಿದ್ಯಾರ್ಥಿಗಳು ಕ್ಯೂನಿಯ ಸಿಟಿ ಕಾಲೇಜಿನಲ್ಲಿ ಮುಷ್ಕರ ಹೂಡಿದರು. ಮರುವರ್ಷ, ಹೈಸ್ಕೂಲು ಮುಗಿಸಿದ ನಗರದ ಯಾರೇ ಆದರೂ ಒಳಗೆ ಬರಬಹುದು ಅಂತಾಯಿತು. 1973ರಲ್ಲಿ ಕ್ಯೂನಿಯಲ್ಲಿ ಪೋರ್ಟೊರಿಕೋ ಅಧ್ಯಯನ ಕೇಂದ್ರ ಬಂತು. 1992ರಲ್ಲಿ ಸಿಟಿ ಕಾಲೇಜಿನಲ್ಲಿ ಡೊಮಿನಿಕನ್ ಅಧ್ಯಯನ ಸಂಸ್ಥೆ. 2012ರಲ್ಲಿ ಮೆಕ್ಸಿಕನ್ ಸಂಸ್ಥೆ. ಹೆಚ್ಚುಕಡಿಮೆ ಇಪ್ಪತ್ತು ವರ್ಷಕ್ಕೊಂದು. ಒಂದೊಂದು ಸಮುದಾಯವೂ ಬಂದು, ದುಡಿದು, ಮಕ್ಕಳನ್ನು ಹೈಸ್ಕೂಲಿಗೆ ಕಳಿಸಿ, ಆಮೇಲೆ ‘ನಮ್ಮ ಕಥೆ ನಿಮ್ಮ ಪಾಠದಲ್ಲಿ ಎಲ್ಲಿದೆ?’ ಅಂತ ಕೇಳುವುದಕ್ಕೆ ಅಷ್ಟು ಹೊತ್ತು ಬೇಕಾಗುತ್ತದೋ ಏನೋ.

ಲೀಮನ್ ಕಾಲೇಜಿನ ಅಂಗಳಕ್ಕೂ ಒಂದು ಹಳೆಯ ಕಥೆ ಇದೆ. 1946ರಲ್ಲಿ ವಿಶ್ವಸಂಸ್ಥೆಗೆ ಇನ್ನೂ ಸ್ವಂತ ಕಟ್ಟಡ ಇರಲಿಲ್ಲ. ಭದ್ರತಾ ಮಂಡಳಿ ಕೆಲವು ತಿಂಗಳು ಸೇರಿದ್ದು ಇಲ್ಲಿಯ ಜಿಮ್ನೇಶಿಯಂ ಕಟ್ಟಡದಲ್ಲೇ. ಯಾವ ದೇಶದ ಗಡಿ ಎಲ್ಲಿ ಅಂತ ದೊಡ್ಡವರು ಕೂತು ಮಾತಾಡಿದ ಅಂಗಳದಲ್ಲೇ ಈಗ ಗಡಿ ದಾಟಿ ಬಂದವರ ಮಕ್ಕಳು ಓದುತ್ತಾರೆ.

ನಾನು ಅಲ್ಲಿಗೆ ಮೊದಲ ಸಲ ಹೋದದ್ದು ಒಬ್ಬ ವಿದ್ಯಾರ್ಥಿಯ ಜೊತೆ. ಹೆಸರು ಬೇಡ. ನನ್ನ ಸಂಜೆಯ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಕೆಲಸ. ಹನ್ನೊಂದನೇ ವಯಸ್ಸಿಗೆ ಅಮ್ಮನ ಜೊತೆ ಬಂದವನು. ಬ್ರಾಂಕ್ಸಿನಲ್ಲೇ ಹೈಸ್ಕೂಲು ಮುಗಿಸಿದ್ದ. ಒಳ್ಳೆಯ ತಲೆ. ಒಂದು ದಿನ ತರಗತಿ ಮುಗಿದ ಮೇಲೆ ಬಂದು, “ಪ್ರೊಫೆ, ಮುಂದಿನ ಸೆಮಿಸ್ಟರ್‌ಗೆ ನಾನು ಬರುವುದಿಲ್ಲ” ಅಂದ. ಅಲ್ಲಿ ಮೇಷ್ಟ್ರನ್ನು ಪ್ರೀತಿಯಿಂದ ಪ್ರೊಫೆ ಅನ್ನುತ್ತಾರೆ. ಯಾಕಪ್ಪಾ ಅಂತ ಎರಡು ಮೂರು ಸಲ ಕೇಳಿದ ಮೇಲೆ ಶುಲ್ಕದ ಚೀಟಿ ತೋರಿಸಿದ. ಹೊರ ರಾಜ್ಯದವರ ದರ ಹಾಕಿದ್ದರು. ಕೌಂಟರಿನಲ್ಲಿ ಗ್ರೀನ್ ಕಾರ್ಡ್ ಕೇಳಿದ್ದಾರೆ. ಇವನ ಬಳಿ ಇಲ್ಲ. ಸುಮ್ನೆ ತಲೆ ತಗ್ಗಿಸಿ ಬಂದಿದ್ದಾನೆ.

ವ್ಯತ್ಯಾಸ ಎಷ್ಟು ಅಂತ ಕೇಳಿ. ಕ್ಯೂನಿಯ ನಾಲ್ಕು ವರ್ಷದ ಕಾಲೇಜುಗಳಲ್ಲಿ ರಾಜ್ಯದವರಿಗೆ ವರ್ಷಕ್ಕೆ 6,930 ಡಾಲರ್. ಹೊರಗಿನವರಿಗೆ ಒಂದು ಕ್ರೆಡಿಟ್‌ಗೆ 620. ವರ್ಷಕ್ಕೆ 30 ಕ್ರೆಡಿಟ್ ಹಿಡಿದರೆ 18,600. ತರಕಾರಿ ಹೆಚ್ಚುವ ಹುಡುಗ ಎಲ್ಲಿಂದ ತರುತ್ತಾನೆ?

ಕೌಂಟರಿನವರಿಗೆ ಗೊತ್ತಿಲ್ಲದ್ದು ಏನೆಂದರೆ, ಈ ದರ ಅವನಿಗೆ ಅನ್ವಯಿಸುವುದೇ ಇಲ್ಲ. 2002ರಲ್ಲೇ ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತ್ತು. ರಾಜ್ಯದ ಹೈಸ್ಕೂಲಿನಲ್ಲಿ ಎರಡು ವರ್ಷಕ್ಕೆ ಕಡಿಮೆ ಇಲ್ಲದೆ ಓದಿ ಪಾಸಾಗಿ, ಐದು ವರ್ಷದ ಒಳಗೆ ಕಾಲೇಜಿಗೆ ಅರ್ಜಿ ಹಾಕಿದವನಿಗೆ ರಾಜ್ಯದವರ ದರವೇ. ಕಾಗದಪತ್ರ ಇಲ್ಲದಿದ್ದರೆ ಒಂದು ಅಫಿಡವಿಟ್ ಕೊಡಬೇಕು. ಅವಕಾಶ ಸಿಕ್ಕಾಗ ಕಾನೂನಿನ ಪ್ರಕಾರ ನೆಲೆಗೆ ಅರ್ಜಿ ಹಾಕುತ್ತೇನೆ ಅಂತ. ಅಷ್ಟೇ. ಒಂದು ಹಾಳೆ. ಹಾಳೆ ಇದೆ ಅಂತ ಹೇಳುವವರಿಲ್ಲದೆ ಹುಡುಗನೊಬ್ಬ ಓದು ಬಿಡುವುದರಲ್ಲಿದ್ದ. ಮುಂದಿನ ಗಣತಿಯಲ್ಲಿ ಅವನೂ ಕಾಲೇಜು ಬಿಟ್ಟವರ ಸಾಲಿಗೆ ಸೇರಿಹೋಗುತ್ತಿದ್ದ.

ನನಗೂ ಆಗ ಈ ಕಾನೂನು ಗೊತ್ತಿರಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು, ಲೀಮನ್‌ಗೆ ಕರೆದುಕೊಂಡು ಹೋಗಿ ಅಂದರು. ನಾಲ್ಕನೇ ನಂಬರಿನ ರೈಲು ಹತ್ತಿ ಬೆಡ್‌ಫರ್ಡ್ ಪಾರ್ಕ್ ನಿಲ್ದಾಣದಲ್ಲಿ ಇಳಿದೆವು. ಆ ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ಒಳಗೆ ಹೋದ ಮೇಲೆ ಅಲ್ಲಿದ್ದ ಹೆಣ್ಣುಮಗಳು ಅವನನ್ನು ಸ್ಪ್ಯಾನಿಷ್‌ನಲ್ಲಿ ಮೊದಲು ಕೇಳಿದ್ದು, “ನಿಮ್ಮದು ಯಾವ ಊರು?” ನಾವೂ ಹಾಗೇ ಕೇಳುತ್ತೇವಲ್ಲವೇ, ಎಲ್ಲೋ ದೂರದಲ್ಲಿ ಕನ್ನಡ ಕೇಳಿಸಿದರೆ? ಅವನು ಹಳ್ಳಿಯ ಹೆಸರು ಹೇಳಿದ. ಅವಳು ಪಕ್ಕದ ಊರಿನ ಹೆಸರು ಹೇಳಿದಳು. ಆಮೇಲೆ ಮುಕ್ಕಾಲು ಗಂಟೆ ಅವರಿಬ್ಬರೂ ಕೂತು ಫಾರಂ ತುಂಬಿದರು. ನನಗೆ ಅಲ್ಲಿ ಕೆಲಸವೇ ಇರಲಿಲ್ಲ. ಗೋಡೆಯ ಮೇಲಿನ ಪೋಸ್ಟರ್ ಓದುತ್ತಾ ಕೂತೆ.

ಇಂಥ ಸಂಸ್ಥೆ ಮಾಡುವ ಕೆಲಸವನ್ನು ಸಂಶೋಧನೆ, ವಿದ್ಯಾರ್ಥಿ ಬೆಂಬಲ, ಸಮುದಾಯ ಅಂತ ಮೂರು ಭಾಗ ಮಾಡಿ ಹೇಳುವುದು ರೂಢಿ. ಸಂಸ್ಥೆಯೂ ಹಾಗೆಯೇ ಹೇಳಿಕೊಳ್ಳುತ್ತದೆ. ಆದರೆ ಆ ಮುಕ್ಕಾಲು ಗಂಟೆಯಲ್ಲಿ ನನಗೆ ಮೂರೂ ಬೇರೆ ಬೇರೆಯಾಗಿ ಕಾಣಲಿಲ್ಲ. ಫಾರಂ ತುಂಬುವವರಿಗೆ ಯಾವ ಕಾಲೇಜಿನಲ್ಲಿ ಯಾವ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ತಿಳಿಯುತ್ತದೆ. ಸಂಶೋಧಕರ ಪ್ರಶ್ನೆ ಹುಟ್ಟುವುದು ಅಲ್ಲಿ. ಮಗನ ಕೆಲಸಕ್ಕೆ ಬಂದ ತಾಯಿ ತನ್ನ ಇಂಗ್ಲಿಷ್ ತರಗತಿಯ ವಿಷಯ ಕೇಳುತ್ತಾಳೆ. ಸಮುದಾಯ ಅನ್ನುವುದು ಅವಳೇ.

ಒಂದು ಸೂಕ್ಷ್ಮವನ್ನೂ ಹೇಳಬೇಕು. ಮೆಕ್ಸಿಕನ್ ಅಂದ ಮಾತ್ರಕ್ಕೆ ಎಲ್ಲರ ಮನೆಮಾತು ಸ್ಪ್ಯಾನಿಷ್ ಅಲ್ಲ. ಪುಯೆಬ್ಲಾ, ವಾಹಾಕಾ, ಗೆರ್ರೆರೋ ರಾಜ್ಯಗಳಿಂದ ಬಂದ ಎಷ್ಟೋ ಮಂದಿಯ ತಾಯಿನುಡಿ ಮಿಸ್ಟೆಕ್ ಅಥವಾ ನಾವಾಟ್ಲ್. ಅದನ್ನು ಹೊರಗೆ ಹೇಳಿಕೊಳ್ಳಲು ಅವರಿಗೆ ಅಂಜಿಕೆ. ‘ಅದು ಭಾಷೆ ಅಲ್ಲ, ಬರೀ ಆಡುಮಾತು’ ಅಂತ ಊರಿನಲ್ಲೇ ಕೇಳಿ ಬೆಳೆದವರು. ತುಳು, ಕೊಡವ, ಬ್ಯಾರಿ ಮಾತಾಡುವ ಗೆಳೆಯರಿಗೆ ಈ ನೋವು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಂಸ್ಥೆ ಶುರುವಾದ ವರ್ಷವೇ, 2012ರ ಜೂನ್ 15ರಂದು, ಅಧ್ಯಕ್ಷ ಒಬಾಮಾ ಡಾಕಾ ಅನ್ನುವ ಯೋಜನೆ ಪ್ರಕಟಿಸಿದರು. ಚಿಕ್ಕಂದಿನಲ್ಲಿ ಬಂದವರನ್ನು ಎರಡು ವರ್ಷ ಹೊರಗಟ್ಟುವುದಿಲ್ಲ, ಕೆಲಸಕ್ಕೆ ಪರವಾನಗಿ ಕೊಡುತ್ತೇವೆ, ಮತ್ತೆ ನವೀಕರಿಸಬಹುದು ಅಂತ. 16 ತುಂಬುವ ಮುಂಚೆ ಬಂದಿರಬೇಕು. 2007ರ ಜೂನ್ 15ರಿಂದ ಅಲ್ಲೇ ಇದ್ದಿರಬೇಕು. ಅದಕ್ಕೆ ಸಾಕ್ಷಿ ಕೊಡಬೇಕು. ಸಾಕ್ಷಿ! ಐದು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಬದುಕಿದವರು, ಐದು ವರ್ಷವೂ ಇಲ್ಲೇ ಇದ್ದೆವು ಅಂತ ತೋರಿಸಬೇಕು. ಹಳೆಯ ಅಂಕಪಟ್ಟಿ, ಡಾಕ್ಟರ ಬಿಲ್ಲು, ಬಾಡಿಗೆ ರಸೀದಿ, ಚರ್ಚಿನವರ ಪತ್ರ. ಶೂ ಡಬ್ಬಿಗಳಲ್ಲಿ ಕಾಗದ ತುಂಬಿಕೊಂಡು ಜನ ವಕೀಲರನ್ನು ಹುಡುಕಿದರು. ಅರ್ಜಿ ಶುಲ್ಕ 465 ಡಾಲರ್.

ಇನ್ನೊಂದು ಷರತ್ತಿತ್ತು. ಹೈಸ್ಕೂಲು ಮುಗಿಸಿರಬೇಕು, ಇಲ್ಲವೇ ಈಗ ಓದುತ್ತಿರಬೇಕು. ಈಗ ಆ 41ನ್ನು ನೆನಪಿಸಿಕೊಳ್ಳಿ. ಶಾಲೆಯ ಮೆಟ್ಟಿಲು ಹತ್ತದೆ ಅಡುಗೆಮನೆ ಸೇರಿದ್ದ ಹುಡುಗ, ಉಳಿದ ಷರತ್ತುಗಳಿಗೆ ಹೊಂದುವವನಾದರೆ, ಒಂದು ಸಂಜೆ ತರಗತಿಗೆ ಸೇರಿಕೊಂಡರೆ ಸಾಕಿತ್ತು, ಅವನಿಗೂ ಬಾಗಿಲು ತೆರೆಯುತ್ತಿತ್ತು. ಅವರನ್ನೆಲ್ಲ ‘ಓದು ಒಲ್ಲದವರು’ ಅಂತ ಬಿಟ್ಟುಬಿಟ್ಟಿದ್ದರೆ ಈ ಮಾತು ಅವರಿಗೆ ತಲುಪುತ್ತಲೇ ಇರಲಿಲ್ಲ. 2013ರಲ್ಲಿ ನಗರ ಇಂಥ ತರಗತಿಗಳಿಗೆಂದೇ 180 ಲಕ್ಷ ಡಾಲರ್ ತೆಗೆದಿಟ್ಟಿತು. ಜನ ಯಾರು, ಎಲ್ಲಿದ್ದಾರೆ, ಯಾವ ಹೊತ್ತಿಗೆ ಬಿಡುವು ಅಂತ ತಿಳಿದವರಿಗೆ ಆಗ ಬೆಲೆ ಬಂತು.

2020ರ ವಸಂತ ಬಂತು. ಕೋವಿಡ್. ಬ್ರಾಂಕ್ಸ್, ಕ್ವೀನ್ಸ್‌ನ ಮೆಕ್ಸಿಕನ್ ಬೀದಿಗಳಲ್ಲಿ ದಿನವೂ ಆಂಬುಲೆನ್ಸ್. ಅಡುಗೆಮನೆಗಳು ಮುಚ್ಚಿದವು, ಸಂಬಳ ನಿಂತಿತು. ಕೇಂದ್ರ ಸರ್ಕಾರ ತಲೆಗೆ 1,200 ಡಾಲರ್ ಹಂಚಿದಾಗ ಕಾಗದಪತ್ರ ಇಲ್ಲದವರಿಗೆ ಒಂದು ಪೈಸೆ ಇಲ್ಲ. ಅವರು ತೆರಿಗೆ ಕಟ್ಟಿದ್ದರೂ ಇಲ್ಲ. ಆಗ ಈ ಅಧ್ಯಯನ ಸಂಸ್ಥೆ ಹಣ ಸೇರಿಸಿ ಕುಟುಂಬಗಳಿಗೆ ತಲುಪಿಸುವ ಕೆಲಸಕ್ಕೆ ಇಳಿಯಿತು. ವಿಶ್ವವಿದ್ಯಾಲಯದ ಕೆಲಸ ಇದಾ ಅಂತ ಯಾರಾದರೂ ಕೇಳಬಹುದು. ಯಾವ ಮನೆಯಲ್ಲಿ ಒಲೆ ಹತ್ತಿಲ್ಲ ಅಂತ ಗೊತ್ತಿದ್ದೂ ಪ್ರಬಂಧ ಬರೆಯುತ್ತಾ ಕೂರುವವರು ನನಗೆ ಬೇಡ. ಮರುವರ್ಷ ನ್ಯೂಯಾರ್ಕ್ ರಾಜ್ಯ, ಹೊರಗೆ ಉಳಿದ ಕೆಲಸಗಾರರಿಗೆಂದು 210 ಕೋಟಿ ಡಾಲರ್‌ನ ನಿಧಿ ಮಾಡಿತು. 1 ಲಕ್ಷ 30 ಸಾವಿರಕ್ಕಿಂತ ಹೆಚ್ಚು ಮಂದಿಗೆ ಅದು ತಲುಪಿತು. ಅಲ್ಲೂ ಅದೇ ಕಥೆ. ನಗದಿನಲ್ಲಿ ಕೂಲಿ ಪಡೆದವನು ಕೆಲಸ ಮಾಡಿದ್ದೆ ಅಂತ ಸಾಕ್ಷಿ ತರಬೇಕು.

ಆ ವರ್ಷದ ಒಂದು ದೃಶ್ಯ ಮರೆಯಲಾರೆ. 2020ರ ಜುಲೈನಲ್ಲಿ ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಚರ್ಚಿನಲ್ಲಿ ಸುಮಾರು 250 ಮೆಕ್ಸಿಕನ್ನರ ಚಿತಾಭಸ್ಮದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು ಪ್ರಾರ್ಥನೆ ಮಾಡಿದರು. ಆಮೇಲೆ ಅವನ್ನು ವಿಮಾನದಲ್ಲಿ ಮೆಕ್ಸಿಕೋಗೆ ಕಳಿಸಿದರು. ಸತ್ತ ಮೇಲೆ ಊರಿನ ಮಣ್ಣು ಸೇರಬೇಕು ಅನ್ನುವವರು ಅವರು. ಹೆಣವನ್ನೇ ಕಳಿಸುವುದು ವಾಡಿಕೆ. ಆಗ ಅದಕ್ಕೂ ದಾರಿ ಇರಲಿಲ್ಲ. ಇಪ್ಪತ್ತು ವರ್ಷ ಗಡಿ ದಾಟಿ ಅಮ್ಮನ ಮುಖ ನೋಡಲಾಗದಿದ್ದವರು ಹಾಗೆ ಊರಿಗೆ ಹೋದರು.

ಇಲ್ಲಿ ಕೂತಿರುವ ನಿಮ್ಮಲ್ಲಿ ಕೆಲವರು ಓದಲು ಅಮೆರಿಕಕ್ಕೆ ಹೋಗುತ್ತೀರಿ. ವೀಸಾ ಹಿಡಿದು ಹೋಗುತ್ತೀರಿ. ಇದೆಲ್ಲ ಬೇರೆಯವರ ಕಥೆ ಅನ್ನಿಸಬಹುದು. ಪೂರ್ತಿ ಹಾಗಲ್ಲ. ಎಚ್1ಬಿ ವೀಸಾದಲ್ಲಿ ಹೋದ ನಮ್ಮ ಎಷ್ಟೋ ಕುಟುಂಬಗಳು ಗ್ರೀನ್ ಕಾರ್ಡಿನ ಸಾಲಿನಲ್ಲಿ ಹತ್ತಾರು ವರ್ಷ ನಿಂತಿವೆ. ಎರಡು ವರ್ಷದ ಕೂಸಾಗಿ ಅಲ್ಲಿಗೆ ಹೋದ ಮಗುವಿಗೆ 21 ತುಂಬಿದ ದಿನ ಅಪ್ಪನ ವೀಸಾದ ಆಸರೆ ತಪ್ಪುತ್ತದೆ. ಬೇರೆ ವೀಸಾ ಹುಡುಕಬೇಕು, ಇಲ್ಲವೇ ನೆನಪಿಲ್ಲದ ದೇಶಕ್ಕೆ ವಾಪಸ್ ಬರಬೇಕು. ಡಾಕಾ ಇವರಿಗೆ ಸಿಗಲಿಲ್ಲ, ಯಾಕಂದರೆ ಇವರು ಕಾನೂನಿನ ಪ್ರಕಾರವೇ ಇದ್ದವರು! ಮೆಕ್ಸಿಕನ್ ಮಕ್ಕಳು ಒಂದು ಮಾತು ಹೇಳುತ್ತಾರೆ: ‘ನಿ ದೆ ಅಕೀ, ನಿ ದೆ ಆಯಾ’. ಇಲ್ಲಿಯವರೂ ಅಲ್ಲ, ಅಲ್ಲಿಯವರೂ ಅಲ್ಲ. ಎಡಿಸನ್‌ನಲ್ಲೋ ಡಲ್ಲಾಸ್‌ನಲ್ಲೋ ಬೆಳೆದ ನಮ್ಮ ಹುಡುಗಿಯೊಬ್ಬಳು ಇದೇ ಮಾತನ್ನು ಕನ್ನಡ ಬೆರೆತ ಇಂಗ್ಲಿಷ್‌ನಲ್ಲಿ ಹೇಳಬಲ್ಲಳು.

ನನ್ನ ವಿದ್ಯಾರ್ಥಿಯ ಕಥೆ ಅರ್ಧಕ್ಕೆ ಬಿಟ್ಟೆ. ಅಫಿಡವಿಟ್ ಕೊಟ್ಟ. ದರ ಇಳಿಯಿತು. 2019ರಲ್ಲಿ ನ್ಯೂಯಾರ್ಕ್ ಇನ್ನೊಂದು ಕಾನೂನು ಮಾಡಿ, ಇಂಥ ವಿದ್ಯಾರ್ಥಿಗಳಿಗೂ ರಾಜ್ಯದ ವಿದ್ಯಾರ್ಥಿವೇತನ ಸಿಗುವಂತೆ ಮಾಡಿತು. ಅದಕ್ಕಾಗಿ ದುಡಿದ ಸೆನೆಟರ್ ಹೊಸೆ ಪೆರಾಲ್ಟಾ ಅದು ಪಾಸಾಗುವ ಕೆಲವೇ ತಿಂಗಳ ಮುಂಚೆ ತೀರಿಕೊಂಡಿದ್ದರು. ಕಾನೂನಿಗೆ ಅವರ ಹೆಸರಿದೆ. ಹುಡುಗ ಓದು ಮುಂದುವರಿಸಿದ. ಕ್ಯಾಲ್ಕುಲಸ್‌ನಲ್ಲಿ ನನಗಿಂತ ಚೆನ್ನಾಗಿ ವಿವರಿಸುತ್ತಿದ್ದ.

ಆದರೆ ಅವನಿಗೆ ಡಾಕಾ ಇಲ್ಲ. ಅವನು ಬಂದದ್ದು 2007ರ ನಂತರ. ಆ ದಿನಾಂಕವನ್ನು ಯಾರೂ ಮುಂದಕ್ಕೆ ಸರಿಸಿಲ್ಲ. 2021ರಲ್ಲಿ ಟೆಕ್ಸಸ್‌ನ ಕೋರ್ಟಿನ ತೀರ್ಪು ಹೊಸ ಅರ್ಜಿಗಳನ್ನೂ ತಡೆಯಿತು. ಇವತ್ತು ಹೈಸ್ಕೂಲಿನಲ್ಲಿರುವ ಇಂಥ ಮಕ್ಕಳಲ್ಲಿ ಬಹುತೇಕ ಎಲ್ಲರೂ 2007ರ ನಂತರ ಬಂದವರೇ. 1982ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಿಂದ ಹನ್ನೆರಡನೇ ತರಗತಿಯ ತನಕ ಶಾಲೆ ಅವರನ್ನು ಬೇಡ ಅನ್ನುವಂತಿಲ್ಲ. ರಾಜ್ಯದ ಕಾನೂನಿನಿಂದ ಕಾಲೇಜಿನ ಬಾಗಿಲೂ ತೆರೆದಿದೆ. ಆಚೆಗೆ ಕೆಲಸದ ಪರವಾನಗಿ ಕೇಂದ್ರ ಸರ್ಕಾರದ ಕೈಯಲ್ಲಿ.

ಡಿಗ್ರಿ ಪಡೆದ ದಿನ ಅವನು ಅಮ್ಮನನ್ನು ಕರೆದುಕೊಂಡು ಬಂದು ನನಗೆ ಪರಿಚಯ ಮಾಡಿಸಿದ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡು ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿದರು. ಹುಡುಗ ಅದನ್ನು ಇಂಗ್ಲಿಷಿಗೆ ತಿರುಗಿಸಿದ: “ಇನ್ನು ಇವನಿಗೆ ಕೆಲಸ ಯಾರು ಕೊಡುತ್ತಾರೆ ಅಂತ ಅಮ್ಮ ಕೇಳುತ್ತಿದ್ದಾಳೆ, ಪ್ರೊಫೆ.” ನನಗೆ ಉತ್ತರ ಗೊತ್ತಿರಲಿಲ್ಲ. ಮುಂದಿನ ವಾರ ಮೂವರೂ ಸೇರಿ ಮತ್ತೆ ನಾಲ್ಕನೇ ನಂಬರಿನ ರೈಲು ಹತ್ತಿದೆವು.

ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ. ಪ್ರಶ್ನೆಗಳಿದ್ದರೆ ಕೇಳಿ.